ಎರಡು ನಂಬರಿನ ಎಣ್ಣೆ

ಇವತ್ತು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳಲಿಲ್ಲ. ಮೈಸೂರಿಗೆ ಚಳಿ ಬಂತು ಎಂದುಕೊಂಡೆ. ನೀವಾದರೆ ಬಾಟಲಿಯನ್ನು ಬಿಸಿನೀರಿಗೆ ಅದ್ದಿ, ತಲೆಗೆ ಹಚ್ಚಿಕೊಂಡು ಮುಂದಿನ ಕೆಲಸ ನೋಡುತ್ತೀರಿ. ನನಗೆ ಮಾತ್ರ ಮೊದಲು ನೆನಪಾದದ್ದು ಕಾರು. ಇದು ಅಪ್ಪನಿಂದ ಬಂದ ಕಾಯಿಲೆ.

ಅಪ್ಪ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದನ್ನೇ ಪುಕ್ಕಟೆಯಾಗಿ ಮಾಡುತ್ತಿದ್ದರು. ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವರು. ತರಕಾರಿಯವಳ ತಕ್ಕಡಿಯನ್ನು ಬಗ್ಗಿ ಕೆಳಗಿನಿಂದ ನೋಡುವರು. ಮಠದಿಂದ ಬಂದ ವಿಭೂತಿಯನ್ನೂ ಬೆರಳಲ್ಲಿ ತಿಕ್ಕಿ, ಮೂಸಿ, ಆಮೇಲೆ ಹಣೆಗೆ ಬಳಿದುಕೊಳ್ಳುವರು. ನನ್ನನ್ನು ನೋಡಲು ಬಂದ ಗಂಡನ್ನು "ಹಲ್ಲೆಲ್ಲ ಸ್ವಂತದ್ದೇನಪ್ಪ?" ಎಂದು ಕೇಳಿದ್ದರು. ನಮ್ಮ ಯಜಮಾನರು ಅದನ್ನು ಇನ್ನೂ ಮರೆತಿಲ್ಲ.

ಸಿದ್ಧಾರ್ಥನಗರದ ನಮ್ಮ ಮನೆ ಮುಂದೆ ನಿಲ್ಲುತ್ತಿದ್ದ ಬೂದುಬಣ್ಣದ ಹಳೆಯ ಕಾರಿಗೆ ಚಳಿಗಾಲ ಆಗಿಬರುತ್ತಿರಲಿಲ್ಲ. ಎಂಜಿನ್ ಎಣ್ಣೆಯಲ್ಲಿ ಮೋಸವಿದೆ ಎಂಬುದು ಅಪ್ಪನ ತೀರ್ಮಾನ. ಪರೀಕ್ಷೆಗೆ ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಆ ಎಣ್ಣೆಯನ್ನು ಸ್ವಲ್ಪ ತುಂಬಿ, ಬಚ್ಚಲ ಗೂಡಿನಲ್ಲಿ ಕೊಬ್ಬರಿ ಎಣ್ಣೆಯ ಪಕ್ಕ ಇಡುತ್ತಿದ್ದರು. ಬೆಳಿಗ್ಗೆ ಎರಡನ್ನೂ ಓರೆ ಮಾಡಿ ನೋಡುವುದು. ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಅಸಲು. ಎಂಜಿನ್ ಎಣ್ಣೆ ಗಟ್ಟಿಯಾದರೆ ನಕಲಿ. ಎಂಜಿನ್ ಎಣ್ಣೆ ತೆಳುವಾಗಿ ಹರಿದರೆ? ಆಗ ಅದಕ್ಕೆ ಸೀಮೆಎಣ್ಣೆ ಬೆರೆಸಿದ್ದಾರೆ. ಈ ಪರೀಕ್ಷೆಯಲ್ಲಿ ಯಾವ ಎಂಜಿನ್ ಎಣ್ಣೆಯೂ ಪಾಸಾದದ್ದನ್ನು ನಾನು ಕಂಡಿಲ್ಲ. "ಯಾವತ್ತೋ ಒಂದಿನ ಇದನ್ನೇ ತಲೆಗೆ ಹಚ್ಕೊಂಡ್ಬುಡ್ತೀನಿ ಕಣ್ರೀ" ಎಂದು ಅಮ್ಮ ಗೊಣಗುತ್ತಿದ್ದಳು.

ಇಂಥ ಅಪ್ಪನಿಗೂ ಒಬ್ಬ ಗೆಳೆಯರಿದ್ದರು, ಪಕ್ಕದ ಬೀದಿಯ ಚೌರಪ್ಪ ಅಂಕಲ್. ಅದೇ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದು, ಆಮೇಲೆ ಬಿಡಿಭಾಗಗಳ ಅಂಗಡಿ ಇಟ್ಟವರು. ಅವರ ತಾಯಿ ಮಂಡಿನೋವಿನಿಂದ ಮನೆ ಬಿಟ್ಟು ಕದಲುತ್ತಿರಲಿಲ್ಲ. ಕ್ರಿಸ್‌ಮಸ್ ದಿನ ಮುಂಜಾನೆಯ ಪೂಜೆಗೆ ಮಾತ್ರ ಚರ್ಚಿಗೆ ಹೋಗಲೇಬೇಕು. ಆಟೋದ ಕುಲುಕಾಟ ಆಗದು. ಹಾಗಾಗಿ ಪ್ರತಿ ವರ್ಷ ಅಜ್ಜಿಯನ್ನು ಕರೆದೊಯ್ಯುವುದು ನಮ್ಮ ಕಾರೇ.

ಒಂದು ವರ್ಷ ಹಬ್ಬಕ್ಕೆ ಸ್ವಲ್ಪ ಮುಂಚೆ ಅಂಕಲ್ ಒಂದು ಹೊಸ ಎಣ್ಣೆ ಡಬ್ಬ ತಂದುಕೊಟ್ಟರು.

"ಈ ಚಳೀಗೆ ಇದನ್ನ ಆಕಿ ಕಣ್ರೀ. ನಿಮ್ಮ ಆ ಮಂದ ಎಣ್ಣೆ ಬೆಳಗಿನ ಒತ್ತು ಮೇಲಕ್ಕೆ ಏರೋದೇ ಇಲ್ಲ. ತೀರಾ ತೆಳ್ಳಗಿಂದು ಹಳೇ ಎಂಜಿನ್ನಿಗೆ ಬ್ಯಾಡ, ಸಂದೀಲಿ ಸೋರ್ತದೆ. ಇದು ನಡುವಿಂದು."

ಅಪ್ಪ ಡಬ್ಬವನ್ನು ತಿರುಗಿಸಿ ನೋಡಿದರು. "ಒಂದೇ ಎಣ್ಣೆಗೆ ಎರಡು ನಂಬರ್ ಯಾಕ್ರೀ?"

"ಮೊದಲ್ನೇದು ತಣ್ಣಗಿದ್ದಾಗಿಂದು, ಎರಡ್ನೇದು ಕಾದ ಮೇಲಿಂದು."

ಅಂಕಲ್ ಗೇಟು ದಾಟುವವರೆಗೆ ಸುಮ್ಮನಿದ್ದ ಅಪ್ಪ, "ಎರಡು ಹೆಸರು ಇಟ್ಕೊಂಡೋರನ್ನ ಪೊಲೀಸ್ನೋರೂ ನಂಬಲ್ಲ" ಎಂದರು. ಮರುದಿನ ಗೂಡಿನಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗಿತ್ತು, ಅಂಕಲ್ ಕೊಟ್ಟ ಎಣ್ಣೆ ಸರಾಗ ಹರಿಯಿತು. "ನೋಡಿದ್ಯಾ? ಅಂಗಡಿ ಇಟ್ಟ ಮೇಲೆ ಚೌರಪ್ಪನೂ ಹಿಂಗಾಗ್ಬುಟ್ಟ."

"ನಮ್ಮ ಮದುವೇಲಿ ನಿಂತು ಬಡಿಸಿದೋರು ಕಣ್ರೀ ಅವರು" ಎಂದಳು ಅಮ್ಮ. ಅಪ್ಪ ಡಬ್ಬವನ್ನು ಮಂಚದ ಕೆಳಗೆ ತಳ್ಳಿದರು. ನನಗೆ ಭಯವಾಯಿತು. ಅಪ್ಪನಿಗೆ ಇದ್ದ ಗೆಳೆಯ ಅವರೊಬ್ಬರೇ.

ಕ್ರಿಸ್‌ಮಸ್ ಮುಂಜಾನೆ ಅಜ್ಜಿ ತಲೆಗೆ ಶಾಲು ಸುತ್ತಿಕೊಂಡು, ಜಪಸರ ಹಿಡಿದು, ಮಗನ ಕೈ ಆಧಾರದಲ್ಲಿ ನಮ್ಮ ಗೇಟಿನವರೆಗೆ ಮೆಲ್ಲಗೆ ನಡೆದುಬಂದು ಹಿಂದಿನ ಸೀಟಿನಲ್ಲಿ ಕೂತರು. ಅಂಕಲ್ ಮುಂದೆ ಕೂತರು. ಅಪ್ಪ ಕೀಲಿ ತಿರುಗಿಸಿದರು. ಕಾರು ನರಳಿತು. ಮತ್ತೆ ತಿರುಗಿಸಿದರು. ಆಮೇಲೆ ಬರೀ ಟಿಕ್ ಟಿಕ್. ಅಂಕಲ್ ಇಳಿದು ಬಾನೆಟ್ಟು ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬೆರಳಿಗೆ ಹಚ್ಚಿಕೊಂಡರು. ಅಪ್ಪ ಸ್ಟೇರಿಂಗನ್ನೇ ನೋಡುತ್ತಾ ಕೂತಿದ್ದರು. ಸ್ನೇಹ ಮುರಿದುಬೀಳುವುದು ಈಗಲೇ ಎಂದು ಗೇಟಿನ ಬಳಿ ನಿಂತಿದ್ದ ನನಗೆ ಅನಿಸಿತು.

ಅಷ್ಟರಲ್ಲಿ ತಿರುವಿನಿಂದ ಒಂದು ಆಟೋ ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಸೀಟಿನ ಮೇಲೆ ಎರಡು ದಿಂಬು ಬೇರೆ.

"ನಿನ್ನೇನೇ ಯೋಳಿದ್ದೆ" ಎಂದರು ಅಂಕಲ್.

"ಯಾಕ್ರೀ? ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

"ಪೂರಾ ಇತ್ತು ಕಣ್ರೀ. ನೀವು ಎಣ್ಣೆ ಆಕಲ್ಲ ಅಂತ."

ಅಪ್ಪ ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರನ್ನೂ ಒಬ್ಬರು ತಪಾಸಣೆ ಮಾಡಿದ್ದರು. ಅಂದು ಮಧ್ಯಾಹ್ನ ಅಂಕಲ್ ಕೇಕ್ ಹಿಡಿದು ಬಂದು, ಹಳೆಯ ಎಣ್ಣೆ ಇಳಿಸಿ, ಮಂಚದ ಕೆಳಗಿನ ಡಬ್ಬ ತರಿಸಿ, "ನನ್ನ ಎದುರಿಗೇ ಸುರೀರಿ, ಇಲ್ದಿದ್ರೆ ನಂಬಲ್ಲ" ಎಂದು ಹಟ ಹಿಡಿದರು. ಕೊನೆಯ ತೊಟ್ಟು ಬೀಳುವವರೆಗೂ ಕಾರಿನ ಪಕ್ಕದಿಂದ ಅಲುಗಾಡಲಿಲ್ಲ. ಆಮೇಲೆ ಪ್ರತಿ ಚಳಿಗಾಲಕ್ಕೂ ಅದೇ ಪದ್ಧತಿಯಾಯಿತು. ಅಪ್ಪ ಡಬ್ಬದ ಸೀಲನ್ನು ಕಣ್ಣಿಗೆ ಹಿಡಿದು ನೋಡುವುದು, ಅಂಕಲ್ ಅಪ್ಪನನ್ನು ನೋಡುವುದು. ಕಾರು ತಕರಾರಿಲ್ಲದೆ ಓಡುತ್ತಿತ್ತು. ಹಾಗೆಂದು ಉಪ್ಪಿನಕಾಯಿ ಬಾಟಲಿ ಗೂಡಿನಿಂದ ಕದಲಲಿಲ್ಲ.

ಅಪ್ಪ ಇಲ್ಲದ ಮೊದಲ ಚಳಿಗಾಲ ಇದು. ಮನೆಯೂ ಕಾರೂ ಈಗ ನನ್ನವು. ಅಪ್ಪನ ಕಾರ್ಯ ಮುಗಿದ ಮೇಲೆ ಅಂಕಲ್ ನಮ್ಮ ಮನೆ ಕಡೆ ಸುಳಿದಿಲ್ಲ. ಎಷ್ಟು ಕರೆದರೂ "ಬರ್ತೀನಿ ಬುಡಮ್ಮ" ಎನ್ನುತ್ತಾರೆ, ಬರುವುದಿಲ್ಲ. ಈ ಸಲ ಎಣ್ಣೆ ಡಬ್ಬವನ್ನೂ ಅಂಗಡಿಯ ಹುಡುಗನ ಕೈಯಲ್ಲೇ ಕಳಿಸಿದ್ದರು. ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರಿಗೆ ಫೋನ್ ಮಾಡಿದೆ.

"ಅಂಕಲ್, ನಿಮ್ಮ ಎಣ್ಣೇನ ಬಚ್ಚಲಲ್ಲಿ ಇಟ್ಟು ನೋಡ್ದೆ. ತೀರಾ ನೀರಿದ್ದಂಗಿದೆ. ನಂಗ್ಯಾಕೋ ಅನುಮಾನ."

"ಅನುಮಾನಾನಾ? ಇರು, ಬಂದೆ. ನಾನು ಬರೋಗಂಟ ಸುರೀಬ್ಯಾಡ."

ಕೋಲೂರಿಕೊಂಡು ಬಂದರು. ಕಾರಿನ ಪಕ್ಕ ಇಟ್ಟಿದ್ದ ಡಬ್ಬವನ್ನು ಎತ್ತಿ, ಅಪ್ಪನಂತೆಯೇ ಮುಚ್ಚಳವನ್ನು ಕಣ್ಣಿಗೆ ಹಿಡಿದು ನೋಡಿದರು.

"ಸೀಲೇ ಒಡೆದಿಲ್ಲ. ಎಂಗೆ ನೋಡ್ದೆ?"

"ಮೊದ್ಲು ಒಳಗೆ ಬನ್ನಿ ಅಂಕಲ್, ಕಾಫಿ ಕುಡೀರಿ" ಎಂದೆ.

"ಮೊದ್ಲು ಸುರಿ. ನಾನು ನಿಂತಿರ್ತೀನಿ" ಎಂದರು, ಬಾನೆಟ್ಟಿಗೆ ಕೈ ಊರಿ. "ನಿಮ್ಮ ವಂಶದೋರನ್ನ ನಂಬಕ್ಕಾಗಲ್ಲ ಕಣಮ್ಮ."