ತೊಂಬತ್ತೊಂದನೇ ವಾಚು

ಅಕ್ಕ ಕೊಟ್ಟ ಕೈಗಡಿಯಾರವನ್ನು ನಾಲ್ಕು ವರ್ಷ ಒಂದು ದಿನವೂ ಕಟ್ಟಲಿಲ್ಲ. ಕೇಳಿದಾಗೆಲ್ಲ ಸುಳ್ಳು ಹೇಳಿದೆ.

ನಾನು ಓದಿದ್ದು ನಾಲ್ಕನೇ ತರಗತಿವರೆಗೆ. ಸಿಂಧನೂರಿನಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿ. ಅದರ ಬೋರ್ಡು ಬರೆಸಿದವಳು, ಬಿಡಿಭಾಗಗಳ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಪಕ್ಕದಲ್ಲಿ ಕೂತು ಕಲಿಸಿದವಳು ಅಕ್ಕ. ಅವಳು ಲಿಂಗಸುಗೂರಿನಲ್ಲಿ ಶಿಕ್ಷಕಿ. ನಮ್ಮ ಮನೆಯಲ್ಲಿ ಸಂಬಳದ ಕೆಲಸ ಹಿಡಿದ ಮೊದಲಿಗಳು. ನಾನು ಇಂದು ಮರ್ಯಾದೆಯಿಂದ ಉಣ್ಣುವ ಅನ್ನದಲ್ಲಿ ಅವಳ ಪಾಲು ದೊಡ್ಡದು.

ವಾಚು ಕೂಡಿಡುವ ನನ್ನ ಹುಚ್ಚು ಬಲ್ಲ ಅವಳು ಹೈದರಾಬಾದಿನಿಂದ ಆ ದುಬಾರಿ ವಾಚು ತಂದಳು. ಕಂಪನಿ ಅಂಥವನ್ನು ಮುನ್ನೂರು ಮಾತ್ರ ಮಾಡಿ ನಿಲ್ಲಿಸಿತ್ತು. ಹಿಂಬದಿಯಲ್ಲಿ ನಂಬರು ಕೆತ್ತಿತ್ತು: ತೊಂಬತ್ತೊಂದು. ನಮ್ಮ ಕಡೆ ಇನ್ನೊಬ್ಬರ ಬಳಿ ಇರಲಿಕ್ಕಿಲ್ಲ ಎನ್ನುವುದೇ ಒಂದು ಅಮಲು. ಕಣ್ಣಿಗೆ ಭೂತಗನ್ನಡಿ ಇಟ್ಟು ಅದರ ಮುಳ್ಳುಗಳನ್ನು ನೋಡುತ್ತ ಊಟ ಮರೆತಿದ್ದೇನೆ.

ಆದರೆ ಗಾಜು ಒಡೆದರೆ ಅಂಥ ಗಾಜು ನನ್ನಂಥ ರಿಪೇರಿಯವನಿಗೂ ಸಿಗದು. ಗೀರು ಬಿದ್ದರೂ, ಮೇಲಿನ ಪ್ಲಾಸ್ಟಿಕ್ ಪೊರೆ ಕಿತ್ತರೂ ಕೂಡಿಡುವವರ ಕಣ್ಣಲ್ಲಿ ಅದರ ಬೆಲೆ ಇಳಿದುಬಿಡುತ್ತದೆ. ಕಟ್ಟದೆ ಇಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ ಎಂದು ಗಿರಾಕಿಗಳನ್ನು ಬೈಯುವ ನಾನೇ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅಕ್ಕ ಕೇಳಿದರೆ, ‘ಬೆಲ್ಟ್ ಸಡ್ಲ ಆಗ್ಯಾದ’ ಎನ್ನುತ್ತಿದ್ದೆ.

‘ವಾಚ್ ರಿಪೇರಿಯವ ನೀ. ಬೆಲ್ಟ್ ಹಾಕಾಕ ಎಷ್ಟು ವರ್ಷ ಬೇಕಲೇ?’

ಕಳೆದ ತಿಂಗಳು ಮಸ್ಕಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟಕ್ಕೆ ಕೂತಾಗ ಅಕ್ಕನ ಗಂಡ ನನ್ನ ಕೈ ಎತ್ತಿ ಹಿಡಿದು, ‘ಊರ ಮಂದಿ ವಾಚೆಲ್ಲಾ ಇವನ ಅಂಗಡ್ಯಾಗ ಅದಾವು. ಇವನ ಕೈ ನೋಡ್ರಿ, ಬೋಳು!’ ಎಂದರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಕೈ ತೊಳೆಯುವಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು.

‘ಮಾರಿದ್ರ ಮಾರೀನಿ ಅಂತ ಹೇಳಿಬಿಡು. ನಾ ಏನೂ ಅನ್ನಂಗಿಲ್ಲ. ಸುಳ್ಳು ಮಾತ್ರ ಹೇಳಬ್ಯಾಡ.’

ನಾನು ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದೆ. ಅವತ್ತಾದರೂ ಕಟ್ಟಬೇಕೆಂದು ತಂದವನು ಬಸ್ಸಿನ ನೂಕಾಟಕ್ಕೆ ಹೆದರಿ ಗಂಟಿನಲ್ಲೇ ಬಿಟ್ಟಿದ್ದೆ.

‘ಹುಚ್ಚಪ್ಯಾಲಿ, ಇನ್ನಾ ಕವರ್ ಸೈತ ಕಿತ್ತಿಲ್ಲಲ್ಲೋ!’ ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು. ‘ನೀ ಕಟ್ಕೊಂಡು ಓಡಾಡೋದು ನೋಡಬೇಕಂತ ತಂದಿದ್ದೆ ನಾ.’

ಉಗುರಿನಿಂದ ಆ ಪೊರೆ ಕಿತ್ತು, ವಾಚನ್ನು ಅವಳ ಕೈಗಿಟ್ಟು, ನನ್ನ ಮುಂಗೈ ಚಾಚಿದೆ. ಅವಳು ಕಟ್ಟುತ್ತಿರುವಾಗ ಮಾತು ಹೊರಬಂತು.

‘ಅಕ್ಕಾ, ತಪ್ಪಾತು. ಗೀರು ಬೀಳ್ತದಂತ ಅಂಜಿ ನಿನಗ ನೋವು ಮಾಡೀನಿ. ಸುಳ್ಳೂ ಹೇಳೀನಿ. ನನ್ನ ಕ್ಷಮಿಸವ್ವಾ.’