ಇಲ್ಲದ ಘಟಕದ ಕೂಲಿಯಾಳುಗಳು

ಅರಸೀಕೆರೆ ತಾಲ್ಲೂಕಿನ ಗಂಡಸಿ ಕಡೆಯ ನಮ್ಮೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಒಬ್ಬ ದೊಡ್ಡ ಮನುಷ್ಯನಿದ್ದಾನೆ. ನಮ್ಮಪ್ಪನ ಜೊತೆ ಓದಿದವನು, ಚಿಕ್ಕಂದಿನಿಂದ ಅವನನ್ನು ಮಾವ ಎಂದೇ ಕರೆಯುತ್ತಿದ್ದೆ. ಈಗ ಕರೆಯುವುದಿಲ್ಲ. ಎದುರಿಗೆ ಸಿಕ್ಕರೆ ಅವನೇ ರಸ್ತೆಯ ಆ ಬದಿಗೆ ಸರಿದು ಹೋಗುತ್ತಾನೆ, ಅದನ್ನು ನೋಡುವುದೇ ನನಗೊಂದು ಸುಖ. ಹೋಗಲಿ ಬಿಡು, ವಯಸ್ಸಾದವನು ಎಂದು ಬುದ್ಧಿ ಹೇಳುವವರು ಈಗಲೂ ಇದ್ದಾರೆ. ಅವರ ಬುದ್ಧಿ ಅವರ ಹತ್ತಿರವೇ ಇರಲಿ.

ನಾನು ತೆಂಗಿನ ನಾರಿನ ಹಗ್ಗ ಹೊಸೆಯುವವಳು. ಹೊಸೆದು ಹೊಸೆದು ನನ್ನ ಅಂಗೈ ಎಷ್ಟು ಒರಟಾಗಿತ್ತೆಂದರೆ ರೇಷ್ಮೆ ಸೀರೆ ಮುಟ್ಟಿದರೆ ಎಳೆ ಕಿತ್ತು ಬರುತ್ತಿತ್ತು. ಒಂದು ಯಂತ್ರ ಹಾಕಿಕೊಂಡರೆ ನನ್ನ ಪಾಡೂ ನೋಡಿಕೊಂಡು ಬೀದಿಯ ನಾಲ್ಕು ಹೆಂಗಸರಿಗೆ ಕೆಲಸವನ್ನೂ ಕೊಡಬಹುದೆಂಬ ಆಸೆ. ಸಣ್ಣ ಘಟಕಗಳಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆಂದು ಕೇಳಿ ಅರಸೀಕೆರೆಯ ಕಚೇರಿಯಲ್ಲಿ ಅರ್ಜಿ ಹಾಕಿದೆ. ತಿಂಗಳುಗಟ್ಟಲೆ ಅಲೆದಾಡಿಸಿದ ಮೇಲೆ ಅಲ್ಲಿನ ಗುಮಾಸ್ತ ತಲೆ ಎತ್ತದೆ ಹೇಳಿದ:

“ನಿಮ್ಮೂರಲ್ಲಿ ಆಗ್ಲೇ ಒಂದು ಹಗ್ಗದ ಘಟಕ ಐತಲ್ಲಮ್ಮ. ಒಂದೂರಿಗೆ ಒಂದೇ. ಅದು ಇರೋ ತನಕ ನಿಮಗೆ ಕೊಡಾಕಾಗಲ್ಲ.”

“ಎಲ್ಲೈತೆ ಸಾರ್? ನಮ್ಮೂರಲ್ಲಿ ಹಗ್ಗ ಮಾಡೋಳು ನಾನೊಬ್ಳೇ.”

“ಅದನ್ನ ನಿಮ್ಮೂರಲ್ಲೇ ಹೋಗಿ ಕೇಳಿ.”

ಬಸ್ಸಿಳಿದವಳು ಮನೆಗೂ ಹೋಗದೆ ನೇರವಾಗಿ ಮಾವನ ಮನೆಗೆ ಹೋದೆ. ಕಣ್ಣಲ್ಲಿ ನೀರು ಹಾಕಿಕೊಂಡು ನಡೆದದ್ದೆಲ್ಲ ಹೇಳಿದೆ. ಅವನು ಒಳಗೆ ಕೂಗಿ ನನಗೆ ಕಾಫಿ ಕೊಡಿಸಿದ. “ಸರ್ಕಾರದ ಕೆಲ್ಸವೇ ಹಿಂಗೆ ಕಣವ್ವ. ಬಿಟ್ಟಾಕು. ಹೆಣ್ಮಗಳು ನೀನು, ಮಿಷಿನ್ನು ಗಿಷಿನ್ನು ಯಾಕೆ ತಲೆಮೇಲೆ ಹಾಕ್ಕೊಂತಿ?” ಎಂದು ಸಮಾಧಾನ ಹೇಳಿದ. ನಾನು ಆ ಕಾಫಿ ಕುಡಿದು, ದೇವರಂಥ ಮನುಷ್ಯ ಅಂದುಕೊಂಡು ಎದ್ದು ಬಂದೆ.

ಆದರೆ ಬಿಟ್ಟುಹಾಕಲಿಲ್ಲ. ನಮ್ಮೂರಿನ ಹೆಸರಲ್ಲಿ ಯಾರು ಯಾರು ಸಬ್ಸಿಡಿ ಪಡೆದಿದ್ದಾರೆ ಹೇಳಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಉತ್ತರವನ್ನು ನನ್ನ ಕೈಗೆ ಕೊಡುವುದು ಬೇಡ, ಗ್ರಾಮಸಭೆಯಲ್ಲೇ ಓದಿ ಎಂದು ಹಠ ಹಿಡಿದೆ. ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿ ಹೆಣ್ಣುಮಗಳು ಪಂಚಾಯಿತಿ ಮುಂದಿನ ಶಾಮಿಯಾನದಲ್ಲಿ ನಿಂತು ಓದಿದರು. ಹಗ್ಗದ ಘಟಕ, ಮಾಲೀಕರು ಇಂಥವರು ಎಂದು ಮಾವನ ಹೆಸರು ಬಂತು. ಆಮೇಲೆ ಅಲ್ಲಿ ನಾಲ್ಕು ವರ್ಷದಿಂದ ದುಡಿಯುತ್ತಿರುವ ಕಾರ್ಮಿಕರ ಹೆಸರುಗಳು ಬಂದವು. ನನ್ನ ಬೀದಿಯ ಹೆಂಗಸರು ಪಟ್ಟಿಯಲ್ಲಿ ಒಬ್ಬೊಬ್ಬರೇ ಬಂದರು, ಕೊನೆಗೆ ಅಪ್ಪನ ಹೆಸರಿನ ಸಮೇತ ನಾನೂ ಬಂದೆ. ಕಾರ್ಮಿಕರಿಗೆ ಹಳೇಬೀಡಿನಲ್ಲಿ ತರಬೇತಿ ಕೊಡಿಸಲಾಗಿದೆ ಎಂದೂ ಓದಿದರು.

ಹಳೇಬೀಡು ಅಂದಾಕ್ಷಣ ನನಗೆ ಎಲ್ಲ ಹೊಳೆಯಿತು. ನಾಲ್ಕು ವರ್ಷದ ಕೆಳಗೆ ಈ ಪುಣ್ಯಾತ್ಮ ನಮ್ಮನ್ನೆಲ್ಲ ತನ್ನ ಖರ್ಚಿನಲ್ಲಿ ವ್ಯಾನು ಮಾಡಿ ಬೇಲೂರು, ಹಳೇಬೀಡು ತೋರಿಸಿದ್ದ. ವ್ಯಾನಿನ ವಿಮೆಗೆ ಬೇಕು ಎಂದು ಎಲ್ಲರ ಆಧಾರ್ ಜೆರಾಕ್ಸು, ಸಹಿ ತೆಗೆದುಕೊಂಡಿದ್ದ. ಕೆರೆ ಏರಿಯ ಮೇಲೆ ಕೂತು ಪುಳಿಯೋಗರೆ ತಿಂದದ್ದೇ ನಮ್ಮ ತರಬೇತಿ.

ಮೈಯೆಲ್ಲ ಉರಿದುಹೋಯಿತು. ಟೋಪಿ ಹಾಕಿದ್ದಕ್ಕಿಂತ ಆ ಕಾಫಿ ನೆನೆದು ಉರಿಯಿತು. ನನ್ನ ದಾರಿಗೆ ಅಡ್ಡ ಮಲಗಿದವನೇ ನನ್ನ ಕಣ್ಣೀರು ಒರೆಸಿದ್ದ. ಅವತ್ತೇ ತೀರ್ಮಾನ ಮಾಡಿದೆ, ಇವನನ್ನು ಸುಮ್ಮನೆ ಬಿಡಬಾರದು.

ಸಭೆಯಲ್ಲಿ ಅವನೇನೂ ಬೆವರಲಿಲ್ಲ. “ಘಟಕ ಐತೆ ಮೇಡಂ. ಮಿಷಿನ್ ರಿಪೇರಿಗೆ ಹೋಗೈತೆ, ಅಷ್ಟೇಯ,” ಅಂದ. ಮುಂದಿನ ವಾರ ಬಂದು ನೋಡುತ್ತೇವೆ ಎಂದು ಅಧಿಕಾರಿ ಹೊರಟರು.

ಮಾರನೆ ಬೆಳಿಗ್ಗೆ ನಾವಷ್ಟೂ ಹೆಂಗಸರು ಬುತ್ತಿ ಕಟ್ಟಿಕೊಂಡು ಅವನ ಮನೆ ಜಗಲಿಯ ಮೇಲೆ ಹೋಗಿ ಕೂತೆವು.

“ಏನ್ರವ್ವಾ, ಎಲ್ಲಾ ಒಟ್ಟಿಗೆ ಬಂದೀರಾ?”

“ಕೆಲ್ಸಕ್ಕೆ ಬಂದಿವಿ,” ಅಂದೆ. “ನಾವು ನಿಮ್ಮ ಆಳುಗಳು ಅಂತ ಸರ್ಕಾರದ ಕಾಗದದಲ್ಲೈತಲ್ಲ.”

ಅವನು ನಕ್ಕ. ಮರುದಿನವೂ ಹೋದೆವು, ಆಗ ನಗಲಿಲ್ಲ. ಅವನಿಗೆ ಕಾಯಿ ಮಾರಲು ಬಂದವರೆಲ್ಲ ನಮ್ಮನ್ನು ದಾಟಿಕೊಂಡೇ ಒಳಗೆ ಹೋಗಬೇಕಿತ್ತು. ಕೇಳಿದವರಿಗೆಲ್ಲ ನಾವು ಹಗ್ಗದ ಫ್ಯಾಕ್ಟರಿಯವರು ಎಂದು ಹೇಳಿದೆವು. ವಾರ ಕಳೆಯುವಷ್ಟರಲ್ಲಿ ಅವನ ಹೆಂಡತಿ ಬಾಗಿಲಿಗೆ ಬರುವುದನ್ನೇ ಬಿಟ್ಟಳು.

ತನಿಖೆಯ ದಿನ ಬೆಳಿಗ್ಗೆ ಅರಸೀಕೆರೆಯಿಂದ ಗೂಡ್ಸ್ ಆಟೋದಲ್ಲಿ ಹಗ್ಗದ ಯಂತ್ರ ಬಂದು ಅವನ ಕಾಯಿ ಕೊಟ್ಟಿಗೆಯಲ್ಲಿ ಇಳಿಯಿತು. ಅವನು ನನ್ನ ಹತ್ತಿರ ಬಂದು ಕೈ ಮುಗಿಯುವುದೊಂದು ಬಾಕಿ. “ಅವರು ಹೋಗೋವರ್ಗೂ ಮಿಷಿನ್ ಹತ್ರ ನಿಂತ್ಕಳಿ ಕಣವ್ವಾ. ನಿಮ್ಮಪ್ಪನ ಮುಖ ನೋಡಿ ಕೇಳ್ತೀನಿ.”

ನಮ್ಮಪ್ಪನ ಹೆಸರನ್ನು ಅವನು ಎಲ್ಲೆಲ್ಲಿ ಬರೆಸಿದ್ದನೋ, ಈಗ ಅಪ್ಪನ ಮುಖವೂ ಬೇಕಂತೆ. “ಆಯ್ತು, ನಿಂತ್ಕಂತೀವಿ,” ಅಂದೆ.

ಪಕ್ಕದ ಮನೆಯವಳು ನನ್ನ ರಟ್ಟೆ ಹಿಡಿದು, “ಸುಳ್ಳು ಅಂತ ಹೇಳ್ಬಿಡಾನ ಕಣೇ,” ಅಂದಳು. ನಾನು ಬೇಡವೆಂದೆ. ಯಂತ್ರ ಕಣ್ಣೆದುರೇ ಇತ್ತು. ಸುಳ್ಳು ಅಂದರೆ ನಮ್ಮದು ಹೊಟ್ಟೆಕಿಚ್ಚು ಅನ್ನುತ್ತಾನೆ, ಅವರು ಘಟಕವಿದೆ ಎಂದು ಬರೆದುಕೊಂಡು ಹೋಗುತ್ತಾರೆ, ನನ್ನ ಅರ್ಜಿ ಅಲ್ಲಿಗೆ ಮಣ್ಣುಪಾಲು.

ಅಧಿಕಾರಿ ಬಂದರು, ಹಿಂದೆಯೇ ಊರೂ ಬಂತು. “ಎಷ್ಟು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದೀರಮ್ಮ?” ಎಂದು ನನ್ನನ್ನೇ ಕೇಳಿದರು.

“ನಾಲ್ಕು ವರ್ಷದಿಂದ ಮೇಡಂ.” ಅವನ ಮುಖ ಅರಳಿತು. “ಇವರೆಲ್ಲಾನೂ ಅಷ್ಟೇಯ. ಆದ್ರೆ ಒಂದು ದಿನದ ಸಂಬಳಾನೂ ಕೊಟ್ಟಿಲ್ಲ. ಅದನ್ನ ಬರ್ಕಳಿ. ಎಲ್ಲಾರ್ದೂ ಕೊಡಿಸ್ದೆ ನೀವು ಹೋಗಂಗಿಲ್ಲ.”

ಅಧಿಕಾರಿ ಅವನ ಕಡೆ ತಿರುಗಿದರು. “ಸಬ್ಸಿಡಿ ಲೆಕ್ಕದಲ್ಲಿ ಸಂಬಳ ಕೊಟ್ಟಿದ್ದೀರಿ ಅಂತ ತೋರಿಸಿದ್ದೀರಲ್ಲ. ಬ್ಯಾಂಕಿನ ದಾಖಲೆ ಕೊಡಿ.”

“ಇವರು ನಮ್ಮ ಆಳುಗಳಲ್ಲ ಮೇಡಂ.”

“ಹಾಗಾದರೆ ಇಲ್ಲಿ ಯಾರು ಕೆಲಸ ಮಾಡಿದ್ದು?”

ಅವನು ಯಂತ್ರ ನೋಡಿದ, ನಮ್ಮನ್ನು ನೋಡಿದ. ಸಂಬಳ ಒಪ್ಪಿಕೊಂಡರೆ ತೋಟ ಮಾರಬೇಕು, ಒಪ್ಪದಿದ್ದರೆ ಮಾನ ಮಾರಬೇಕು. ಅವನಿಗೆ ತೋಟವೇ ದೊಡ್ಡದೆಂದು ನನಗೆ ಗೊತ್ತಿತ್ತು. ನೆಲ ನೋಡಿಕೊಂಡು, ಗಂಟಲಲ್ಲೇ ಅಂದ: “ಘಟಕ ಇಲ್ಲ ಮೇಡಂ. ಯಾವತ್ತೂ ಇರಲಿಲ್ಲ. ಇದು ಬಾಡಿಗೆ ಮಿಷಿನ್ನು.”

ಅವರು ಅದನ್ನು ಬರೆದುಕೊಳ್ಳತೊಡಗಿದರು. ಅವನ ಕಣ್ಣು ತುಂಬಿತ್ತು. ನನಗೆ ಅಯ್ಯೋ ಪಾಪ ಅನ್ನಿಸಲೇ ಇಲ್ಲ, ಇವತ್ತಿಗೂ ಅನ್ನಿಸಿಲ್ಲ.

“ಮೇಡಂ, ಹಿಂದೆ ನಿಂತೋರ್ಗೆ ಕೇಳಿಸ್ಲಿಲ್ಲ,” ಅಂದೆ. “ಇನ್ನೊಂದ್ಸಲ ಜೋರಾಗಿ ಹೇಳ್ಸಿ.”