ಮಹಡಿ ಮೇಲಿನ ಬಾಹ್ಯಾಕಾಶ ನೌಕೆ

ಗುರುವಾಯನಕೆರೆಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕೆಳಗೆ ಒಂದು ಟೈಲರಿಂಗ್ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವರು ಐವತ್ತು ದಾಟಿದ, ಮದುವೆಯಾಗದ ಜೈನ ಹೆಂಗಸು. ನಾನು ಬೆಳ್ತಂಗಡಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ವಾರವಿಡೀ ಜನರ ತೋಳು ಹಿಡಿಯುತ್ತಿದ್ದರೂ ಭಾನುವಾರ ನನ್ನೊಡನೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಆಗ ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಹಳೆಯ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದೆ. ಬಾಹ್ಯಾಕಾಶ ನೌಕೆಯೊಳಗೆ ಯಾವುದೋ ಜೀವಿ ಹೊಕ್ಕು ಒಬ್ಬೊಬ್ಬರನ್ನೇ ಮುಗಿಸುತ್ತದೆ. ಕೊನೆಗೆ ಒಬ್ಬಳು ಉಳಿಯುತ್ತಾಳೆ. ನಾನು ಹುಟ್ಟುವ ಮೊದಲೇ ತೆಗೆದದ್ದು. ಹಾಸ್ಟೆಲಿನಲ್ಲಿ ಮೊದಲ ಸಲ ನೋಡಿದಾಗ ಕಿರುಚಿದ್ದೆ. ಹತ್ತನೇ ಸಲಕ್ಕೆ ಭಯ ಹೋಗಿ ಬೇರೆಯದು ಕಾಣತೊಡಗಿತು: ಸತ್ತವರು ಅರ್ಧ ಕುಡಿದಿಟ್ಟ ಕಾಫಿ, ಮಡಚದ ಹೊದಿಕೆ.

ಒಂದು ಭಾನುವಾರ ಸಂಜೆ ಕಿರುಚಾಟ ಕೇಳಿ ಟೈಲರಕ್ಕ ಕತ್ತರಿ ಹಿಡಿದುಕೊಂಡೇ ಮೇಲೆ ಓಡಿಬಂದರು. ಸಿನಿಮಾ ಎಂದು ತಿಳಿದು ನಾಚಿಕೊಂಡರು. ಆದರೆ ಹೋಗಲಿಲ್ಲ, ಮಂಚದ ತುದಿಯಲ್ಲಿ ಕುಳಿತರು. ಕೊನೆಗೆ ಉಳಿಯುವವಳು ಯಂತ್ರದೆದುರು ಕೂತು ಆ ದಿನ ನಡೆದದ್ದನ್ನು ಹೇಳುತ್ತಿದ್ದಳು.

“ಅವಳು ಯಾರತ್ರ ಮಾತಾಡುದು?”

“ಯಾರತ್ರವೂ ಅಲ್ಲ. ರೆಕಾರ್ಡ್ ಮಾಡಿಡ್ತಾಳೆ.”

“ಕೇಳುವವರು ಉಂಟಾ?”

ಗೊತ್ತಿಲ್ಲ ಎಂದೆ.

ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲು ಅವರ ಊಟವಾಗಬೇಕು. ಹಾಗಾಗಿ ಅರ್ಧಕ್ಕೇ ಎದ್ದು ಹೋದರು. ಮುಂದಿನ ಭಾನುವಾರ ತಾವಾಗಿಯೇ ಬಂದರು, ಆಗಲೂ ಕೊನೆ ಸಿಗಲಿಲ್ಲ. ಮೂರನೇ ವಾರ ಡಬ್ಬಿಯನ್ನೇ ತಂದು ನನಗೂ ಅನ್ನ, ಹೆಸರುಕಾಳಿನ ಸಾರು ಬಡಿಸಿದರು. ಅಂದು ಕೊನೆಯವರೆಗೂ ನೋಡಿದೆವು.

“ಬದುಕಿದಳು,” ಎಂದರು. ಡಬ್ಬಿಯ ಮುಚ್ಚಳ ಹಾಕುತ್ತಾ, “ಇನ್ನು ಅವಳು ಇದನ್ನೆಲ್ಲ ಹೇಳುದು ಯಾರಿಗೆ?” ಎಂದರು.

ಆಮೇಲೆ ಆ ಸಿನಿಮಾ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಮರುವರ್ಷ ಅವರ ಕಣ್ಣು ಮಂದವಾಗಿ ಸೂಜಿಗೆ ದಾರ ಪೋಣಿಸಲು ಆಗದಾಯಿತು. ಅಂಗಡಿ ಮುಚ್ಚಿ ಮೂಡುಬಿದಿರೆಯ ತಮ್ಮನ ಮನೆಗೆ ಹೋದರು. ನಾನು ಒಬ್ಬಳೇ ಹಾಕಿ ನೋಡಿದೆ, ಪೂರ್ತಿ ಮಾಡಲಾಗಲಿಲ್ಲ.

ಒಂದು ಭಾನುವಾರ ಬಸ್ಸು ಹತ್ತಿ ಅಲ್ಲಿಗೇ ಹೋದೆ. ಮನೆ ತುಂಬ ಜನ, ಟೀವಿಯಲ್ಲಿ ಕ್ರಿಕೆಟ್. ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯಲಿಲ್ಲ. ನಾನು ಯಾರೆಂದು ತಮ್ಮನ ಹೆಂಡತಿ ಕೇಳಿದಾಗ, ಒಟ್ಟಿಗೆ ಸಿನಿಮಾ ನೋಡುತ್ತಿದ್ದವಳು ಎಂದಷ್ಟೇ ಟೈಲರಕ್ಕ ಹೇಳಿದರು.

ಬಸ್ ಸ್ಟ್ಯಾಂಡಿನವರೆಗೂ ಅವರೇ ಬಂದರು. ಆ ಸಿನಿಮಾದ ಎರಡನೇ ಭಾಗ ಉಂಟಾ ಎಂದು ಕೇಳಿದರು. ಉಂಟು, ಆದರೆ ಅದರಲ್ಲಿ ತುಂಬ ಜನ ಇದ್ದಾರೆ ಎಂದೆ.

“ಹಾಗಾದ್ರೆ ಬೇಡ,” ಎಂದರು.